ಡಿಕಾಕ್ಷನ್ ಕುಡಿಯುವ ಬಟ್ಟಲುಗಳು: ನನ್ನ ಅನುಭವ

ಮೂಡಿಗೆರೆ ಸಮೀಪದ ನನ್ನ ಕಾರ್ಯಾಗಾರದಲ್ಲಿ ಸಿದ್ಧವಾಗುವ ಸೆರಾಮಿಕ್ ಬಟ್ಟಲುಗಳ ಕೆಲಸ, ಅವನ್ನು ಸುಡುವ ಗೂಡಾದ ಕಿಲ್ನ್‌ನಿಂದ ಹೊರತೆಗೆದ ದಿನಕ್ಕೆ ಮುಗಿಯುವುದಿಲ್ಲ. ಮೇಲಿನ ಗಾಜಿನಂಥ ಲೇಪವಾದ ಮೆರುಗಿನ ತುಂಬ ಕೂದಲೆಳೆಯಂಥ ಬಿರುಕುಗಳು ಮೂಡುವಂತೆ ಮಾಡಿ, ಅವುಗಳಿಗೆ ಕಾಫಿ ಡಿಕಾಕ್ಷನ್ ಕುಡಿಸುವುದು ನನ್ನ ಕ್ರಮ. ಜಪಾನಿನ ಹಾಗಿ ಊರಿನ ಚಹಾ ಬಟ್ಟಲುಗಳು ಬಳಸಿದಂತೆಲ್ಲ ಬಣ್ಣ ಬದಲಿಸುವುದನ್ನು ಅಲ್ಲಿನವರು ‘ಏಳು ಮಾರ್ಪಾಡು’ ಎಂದು ಕರೆದು ಮೆಚ್ಚುತ್ತಾರೆ. ಚಿಕ್ಕಮಗಳೂರು ಸೀಮೆಯವಳಾದ ನನಗೆ ಚಹಾದ ಜಾಗದಲ್ಲಿ ಕಾಫಿ ಒದಗಿತು.

ಬಿರುಕು ಮೂಡಬೇಕಾದರೆ ತಣಿಯುವಾಗ ಮೆರುಗು ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಬೇಕು. ಸೋಡಾ, ಪೊಟ್ಯಾಶ್ ಅಂಶ ಏರಿದರೆ ಈ ಕುಗ್ಗುವಿಕೆ ಹೆಚ್ಚುತ್ತದೆ, ಸಿಲಿಕಾ ಏರಿದರೆ ತಗ್ಗುತ್ತದೆ. ಹಾಗಾಗಿ ಸೀಸವಿಲ್ಲದ ಸೋಡಾ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) ಹೆಚ್ಚಿಸಿ, ಸಿಲಿಕಾ ಪುಡಿಯನ್ನು ಕಡಿಮೆ ಮಾಡುತ್ತೇನೆ. ಮಣ್ಣು ನೀರು ಹೀರುವ ಗುಣ ಉಳಿಸಿಕೊಳ್ಳಲೆಂದು ಸುಮಾರು 1050 ಡಿಗ್ರಿ ಸೆಲ್ಸಿಯಸ್‌ಗೇ ಸುಡುವಿಕೆಯನ್ನು ನಿಲ್ಲಿಸುತ್ತೇನೆ.

ಕಿಲ್ನ್ ತೆರೆದಾಗ ಬಟ್ಟಲುಗಳು ಟಿಣ್ ಟಿಣ್ ಎನ್ನುತ್ತಿರುತ್ತವೆ. ಮೊದಲು ಮೂಡುವುದು ದೊಡ್ಡ ಕಣ್ಣಿನ ಬಲೆ. ಅದರ ಮೇಲೆ ಗಟ್ಟಿ ಡಿಕಾಕ್ಷನ್ ಸವರಿ, ಒಣಗಿಸಿ, ಒದ್ದೆ ಬಟ್ಟೆಯಿಂದ ಒರೆಸಿದರೆ ನುಣುಪು ಮೈ ಬಿಳಿಯಾಗಿ, ಬಿರುಕು ಮಾತ್ರ ಕಂದಾಗಿ ಉಳಿಯುತ್ತದೆ. ಮುಂದೆ ಮಳೆಗಾಲದ ತೇವವನ್ನು ಹೀರಿದ ಮಣ್ಣು ಕಣ್ಣಿಗೆ ಕಾಣದಷ್ಟು ಹಿಗ್ಗಿ ಮೆರುಗನ್ನು ಜಗ್ಗುವುದರಿಂದ, ಹಳೆಯ ಗೆರೆಗಳ ನಡುವೆ ಹೊಸ ಎಳೆಗಳು ಹುಟ್ಟುತ್ತವೆ. ಇವು ಕಡಿಮೆ ಕಾಫಿ ಕಂಡವಾದ್ದರಿಂದ ಇನ್ನೂ ಜೇನುಬಣ್ಣದಲ್ಲಿರುತ್ತವೆ. ಯಾವ ಗೆರೆ ಮೊದಲಿನದು, ಯಾವುದು ಆಮೇಲಿನದು ಎಂಬುದನ್ನು ಬಣ್ಣದಿಂದಲೇ ಓದಬಹುದು. ಚೀನಾದ ‘ಗೆ’ ಎಂಬ ಹಳೆಯ ಬಗೆಯ ಬಿರುಕು ಮೆರುಗಿನ ಪಾತ್ರೆಗಳಲ್ಲಿ ಕಪ್ಪು ಮತ್ತು ಹೊಂಬಣ್ಣದ ಎರಡು ಬಲೆಗಳನ್ನು ರಸಿಕರು ಬಹು ಹಿಂದೆಯೇ ಮೆಚ್ಚಿದ್ದರು. ಪಕ್ಕದ ಎಸ್ಟೇಟಿನ ರೈಟರ್ ಮಾತ್ರ, “ಒಡೆದ ಬಟ್ಟಲಿಗೆ ಒಳ್ಳೇ ಕಾಫಿ ಯಾಕಮ್ಮ ಸುರೀತೀರಿ?” ಎಂದು ಈಗಲೂ ಕೇಳುತ್ತಾರೆ.

ಹಾಲು ಬೆರೆಸಿದ ಕಾಫಿ ಸಲ್ಲದು. ಬಿರುಕಿನೊಳಗೆ ಇಳಿದ ಹಾಲು ಹಳಸಿ ವಾಸನೆ ಹಿಡಿಯುತ್ತದೆ. ಇವನ್ನು ಊಟ ತಿಂಡಿಗೆ ಬಳಸಬಾರದೆಂದು ಕೊಳ್ಳುವವರಿಗೆ ಮೊದಲೇ ಹೇಳುತ್ತೇನೆ.

ಬದಲಾವಣೆಯನ್ನು ಇಷ್ಟಕ್ಕೇ ನಿಲ್ಲಿಸಿಕೊಡಿ ಎಂದು ಕೆಲವರು ಬಟ್ಟಲನ್ನು ಮರಳಿ ತರುವುದುಂಟು. ಮತ್ತೆ ಸುಟ್ಟರೆ ಕಾಫಿಯ ಕಲೆ ಉರಿದುಹೋಗಿ, ಮೆರುಗು ಕರಗಿ ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ತಣಿದ ಮೇಲೆ ಮೂಡುವುದು ಬೇರೆಯದೇ ಬಲೆ. ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.