ಗಂಡ ಅಥವಾ ಹೆಂಡ್ತಿ ಎಲ್ಲಿದ್ದಾರೆ ಅಂತಾನೇ ಗೊತ್ತಿಲ್ದೇ ಇದ್ರೆ ಡೈವೋರ್ಸ್ ಕೇಸ್ ಹಾಕೋದು ಹೇಗೆ

ನಮ್ಮಕ್ಕ ಒಂಬತ್ತು ವರ್ಷ ಸುಮ್ನೆ ಕಾದಳು. ಭಾವ ಗೋವಾ ಕಡೆ ಕೆಲಸ ಇದೆ ಅಂತ ದಾವಣಗೆರೆ ಮನೆ ಬಿಟ್ಟು ಹೋದೋರು, ಮೊದಮೊದ್ಲು ಹಬ್ಬಕ್ಕೆ ಫೋನ್ ಮಾಡ್ತಿದ್ರು, ಒಂದಿನ ನಾನಿನ್ನು ಬರಲ್ಲ ನಿನ್ನ ದಾರಿ ನೀನು ನೋಡ್ಕೋ ಅಂದ್ರು, ಆಮೇಲೆ ನಂಬರ್ ಸ್ವಿಚ್ಡ್ ಆಫ್. ಅಕ್ಕ ಚಿತ್ರದುರ್ಗಕ್ಕೆ ತವರಿಗೆ ಬಂದಳು. ಕೇಳಿದೋರೆಲ್ಲ ಹೇಳಿದ್ದು ಒಂದೇ ಮಾತು, ಏಳು ವರ್ಷ ಆಗ್ಬೇಕಮ್ಮ, ಅಲ್ಲೀವರ್ಗೂ ಏನೂ ಮಾಡಕ್ಕಾಗಲ್ಲ. ಏಳು ಆದ್ಮೇಲೆ ಇನ್ನೆರಡು ವರ್ಷ ಅಡ್ರೆಸ್ಸೇ ಇಲ್ವಲ್ಲ, ನೋಟಿಸ್ ಎಲ್ಲಿಗೆ ಕಳಿಸೋದು ಅನ್ನೋದ್ರಲ್ಲೇ ಹೋಯ್ತು. ಎರಡೂ ತಪ್ಪು ತಿಳುವಳಿಕೆ. ಆ ಕೇಸಿನ ಪ್ರತಿ ವಾಯ್ದೆಗೂ ನಾನೇ ಅಕ್ಕನ ಜೊತೆ ಹೋಗಿದ್ದು, ಅದಕ್ಕೇ ಇದನ್ನ ಬರೀತಿದೀನಿ, ಇನ್ಯಾರೂ ಹಂಗೆ ವರ್ಷಗಟ್ಟಲೆ ಕಾಯ್ಬಾರ್ದು.

ಮೊದ್ಲು ಈ ಏಳು ವರ್ಷದ ವಿಷ್ಯ. 1955ರ ಹಿಂದೂ ವಿವಾಹ ಕಾಯ್ದೆ 13ನೇ ಸೆಕ್ಷನ್ನಲ್ಲಿ ನಮಗೆ ಬೇಕಾದ ಕಾರಣಗಳು ಎರಡಿವೆ. ಒಂದು, ಬಿಟ್ಟು ಹೋಗಿರೋದು, ಕೋರ್ಟ್ ಭಾಷೇಲಿ ಪರಿತ್ಯಾಗ, ವಕೀಲರೆಲ್ಲ ಡಿಸರ್ಷನ್ ಅಂತಾರೆ, ಇದಕ್ಕೆ ಕೇಸ್ ಹಾಕೋ ದಿನಕ್ಕೆ ಸತತ ಎರಡು ವರ್ಷ ಆಗಿದ್ರೆ ಸಾಕು. ಇನ್ನೊಂದು, ಆ ಮನುಷ್ಯ ಬದುಕಿದಾರೆ ಅನ್ನೋ ಸುದ್ದಿನೇ ಏಳು ವರ್ಷದಿಂದ ಯಾರಿಗೂ ಬಂದಿಲ್ಲ ಅನ್ನೋದು. ಜನ ಎರಡನ್ನೂ ಒಂದೇ ಮಾಡ್ಕೊಂಡಿದಾರೆ. ನಿಮ್ಮ ಗಂಡನೋ ಹೆಂಡ್ತಿನೋ ಬೇಕಂತಾನೇ ಬಿಟ್ಟು ಹೋಗಿದ್ದು, ಎಲ್ಲೋ ಇದಾರೆ ಅಂತ ಗೊತ್ತಿದ್ದು ಅಡ್ರೆಸ್ ಮಾತ್ರ ಗೊತ್ತಿಲ್ಲ ಅಂದ್ರೆ ಎರಡು ವರ್ಷದ ದಾರಿ ಹಿಡೀರಿ. ಬಿಟ್ಟು ಹೋಗೋ ಉದ್ದೇಶ ಇತ್ತು ಅಂತ ತೋರಿಸ್ಬೇಕಾಗುತ್ತೆ, ಅದಕ್ಕೇ ಕೊನೇ ಮೆಸೇಜು, ಕೊನೇ ಫೋನ್ ಯಾವಾಗ ಬಂತು, ಏನಂದ್ರು, ಬಟ್ಟೆಬರೆ ಸರ್ಟಿಫಿಕೇಟ್ ಎಲ್ಲ ತಗೊಂಡು ಹೋದ್ರಾ, ಇವೆಲ್ಲ ಮುಖ್ಯ. ನಮ್ಮಕ್ಕನಿಗೆ ಆ 'ನಿನ್ನ ದಾರಿ ನೀನು ನೋಡ್ಕೋ' ಅನ್ನೋ ಒಂದು ಫೋನೇ ಕೇಸಿನ ಜೀವಾಳ ಆಯ್ತು, ಯಾಕಂದ್ರೆ ಅದನ್ನ ಸ್ಪೀಕರಲ್ಲಿ ಅಮ್ಮನೂ ಕೇಳಿಸ್ಕೊಂಡಿದ್ರು.

ಆದ್ರೆ ಬೆಳಿಗ್ಗೆ ಕೆಲಸಕ್ಕೆ ಅಂತ ಹೋದೋರು ವಾಪಸ್ಸೇ ಬರ್ಲಿಲ್ಲ, ಜಗಳ ಇಲ್ಲ ಏನಿಲ್ಲ, ಅವರ ಅಪ್ಪ ಅಮ್ಮನಿಗೂ ಗೊತ್ತಿಲ್ಲ, ಅನ್ನೋ ಥರ ಇದ್ರೆ ಬಿಟ್ಟು ಹೋಗೋ ಉದ್ದೇಶ ಇತ್ತು ಅಂತ ಸಾಬೀತು ಮಾಡೋದು ಕಷ್ಟ, ಅಲ್ಲಿ ಏಳು ವರ್ಷದ್ದೇ ಸರಿ. ಇಂಥವ್ರು ಡೈವೋರ್ಸ್ ಅರ್ಜಿಗೆ ಸೈನ್ ಹಾಕೋ ಮುಂಚೆ ಒಂದ್ಸಲ ನಿಂತು ಯೋಚ್ನೆ ಮಾಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಏಳು ವರ್ಷ ಸುದ್ದಿ ಇಲ್ದಿದ್ರೆ ತೀರಿಕೊಂಡಿದಾರೆ ಅಂತ ಭಾವಿಸೋಕೆ ಸಾಕ್ಷ್ಯ ಕಾಯ್ದೆಲೇ ಅವಕಾಶ ಇದೆ (ಹಳೇ ಕಾಯ್ದೆಲಿ ಸೆಕ್ಷನ್ 108, 2024 ಜುಲೈಯಿಂದ ಜಾರಿಗೆ ಬಂದಿರೋ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111). ಸಿವಿಲ್ ಕೋರ್ಟಲ್ಲಿ ದಾವೆ ಹಾಕಿ ಹಾಗಂತ ಘೋಷಣೆ ತಗೊಂಡ್ರೆ ನೀವು ಕಾನೂನು ಪ್ರಕಾರ ವಿಧವೆ, ಅಂದ್ರೆ ಪಿತ್ರಾರ್ಜಿತ ಆಸ್ತಿ, ಪಿಎಫ್, ಫ್ಯಾಮಿಲಿ ಪೆನ್ಷನ್ ಇವೆಲ್ಲ ಕೇಳೋ ಹಕ್ಕು ಉಳಿಯುತ್ತೆ. ಡೈವೋರ್ಸ್ ತಗೊಂಡ್ರೆ ನೀವು ಹೆಂಡ್ತಿ ಅಲ್ಲ, ವಾರಸುದಾರರೂ ಅಲ್ಲ. ಗಂಡ ಸರ್ಕಾರಿ ನೌಕರಿಲಿ ಇದ್ದೋರಾದ್ರಂತೂ ಇದನ್ನ ವಕೀಲರ ಹತ್ರ ಬಾಯಿ ಬಿಟ್ಟು ಕೇಳಿ, ಎಷ್ಟೋ ಸಲ ಅವರಾಗಿ ಹೇಳಲ್ಲ.

ಬೇರೆ ಧರ್ಮದೋರಿಗೆ ಚುಟುಕಾಗಿ. ರಿಜಿಸ್ಟರ್ ಮದುವೆ, ಅಂದ್ರೆ 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ಆಗಿದ್ರೆ ಅಲ್ಲೂ ಇದೇ ಎರಡು, ಏಳು ವರ್ಷದ ಲೆಕ್ಕ. ಕ್ರೈಸ್ತರಿಗೆ 1869ರ ಡೈವೋರ್ಸ್ ಆಕ್ಟ್, 2001ರ ತಿದ್ದುಪಡಿ ಆದ್ಮೇಲೆ ಅಲ್ಲೂ ಹಂಗೇ. ಮುಸ್ಲಿಂ ಹೆಣ್ಮಕ್ಕಳಿಗೆ 1939ರ ಕಾಯ್ದೆ ಇದೆ, ಗಂಡ ಎಲ್ಲಿದಾನೆ ಅಂತ ನಾಲ್ಕು ವರ್ಷದಿಂದ ಗೊತ್ತಿಲ್ಲ ಅಂದ್ರೆ ಸಾಕು, ಎರಡು ವರ್ಷ ಜೀವನಾಂಶ ಕೊಟ್ಟಿಲ್ಲ ಅನ್ನೋದೂ ಬೇರೆ ಕಾರಣ ಆಗುತ್ತೆ. ಆದ್ರೆ ನಾಲ್ಕು ವರ್ಷದ ಕಾರಣಕ್ಕೆ ಹಾಕಿದ್ರೆ ಗಂಡನ ವಾರಸುದಾರರಿಗೆ ನೋಟಿಸ್ ಹೋಗ್ಬೇಕು, ಗಂಡನ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪಂದಿರು ಇದ್ರೆ ಅವ್ರನ್ನೂ ಪಾರ್ಟಿ ಮಾಡ್ಬೇಕು, ಡಿಕ್ರಿ, ಅಂದ್ರೆ ಕೋರ್ಟಿನ ತೀರ್ಪಿನ ಆದೇಶ, ಆದ್ರೂ ಆರು ತಿಂಗಳು ಜಾರಿಗೆ ಬರಲ್ಲ. ಅಷ್ಟರೊಳಗೆ ಗಂಡ ಬಂದು ಸಂಸಾರ ಮಾಡ್ತೀನಿ ಅಂತ ಕೋರ್ಟಿಗೆ ಒಪ್ಪಿಸಿದ್ರೆ ಡಿಕ್ರಿ ರದ್ದು.

ಎಲ್ಲಿ ಹಾಕ್ಬೇಕು? ಹೆಂಡ್ತಿ ಹಾಕೋದಾದ್ರೆ ಹಿಂದೂ ವಿವಾಹ ಕಾಯ್ದೆಗೆ ಆದ 2003ರ ತಿದ್ದುಪಡಿಯಿಂದ ಸುಲಭ ಆಗಿದೆ, ಈಗ ತಾನು ವಾಸ ಇರೋ ಊರಲ್ಲೇ ಹಾಕ್ಬೋದು. ಗಂಡ ಹಾಕೋದಾದ್ರೆ ಮದುವೆ ಆದ ಊರು, ಇಬ್ರೂ ಕೊನೇಲಿ ಒಟ್ಟಿಗಿದ್ದ ಊರು, ಇಲ್ಲಾ ಹೆಂಡ್ತಿ ಈಗ ಇರೋ ಊರು. ಹೆಂಡ್ತಿ ದೇಶ ಬಿಟ್ಟು ಹೋಗಿದ್ರೆ ಅಥವಾ ಏಳು ವರ್ಷ ಅವರ ಸುದ್ದಿ ಇಲ್ದಿದ್ರೆ ಮಾತ್ರ ಗಂಡ ತನ್ನೂರಲ್ಲಿ ಹಾಕ್ಬೋದು. ಫ್ಯಾಮಿಲಿ ಕೋರ್ಟ್ ಇರೋ ಕಡೆ ಅಲ್ಲಿ, ಇಲ್ದಿರೋ ತಾಲ್ಲೂಕಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಲ್ಲಿ.

ಈಗ ನಿಜವಾದ ಕೆಲಸ. ಇಂಥ ಕೇಸಲ್ಲಿ ಜಡ್ಜ್ ಎದುರಿಗೆ ನೀವು ಇಡೋದು ನಿಮ್ಮ ಸಂಸಾರದ ಕಥೆ ಅಷ್ಟೇ ಅಲ್ಲ, ನೀವು ಹುಡುಕಿದ ಕಥೆ. ಪ್ರಾಮಾಣಿಕವಾಗಿ ಹುಡುಕಿದೀರಿ ಅಂತ ಕಾಗದದಲ್ಲಿ ಕಾಣ್ಬೇಕು. ಹಾಗಾಗಿ ವಕೀಲರ ಹತ್ರ ಹೋಗೋ ಮುಂಚೇನೇ ಒಂದು ಫೈಲ್ ಮಾಡಿ. ಅತ್ತೆ ಮಾವ, ನಾದಿನಿ, ಮೈದುನ, ಹಳೇ ಸ್ನೇಹಿತರು, ಕೆಲಸ ಮಾಡ್ತಿದ್ದ ಕಡೆ ಓನರ್, ಬಾಡಿಗೆ ಮನೆ ಓನರ್, ಎಲ್ರನ್ನೂ ಕೇಳಿ, ಯಾವ ತಾರೀಖು ಯಾರನ್ನ ಕೇಳಿದ್ರಿ ಏನಂದ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀತಾ ಹೋಗಿ. ವಾಟ್ಸಾಪಲ್ಲಿ ಕೇಳಿದ್ರೆ ಇನ್ನೂ ಒಳ್ಳೇದು, ಉತ್ತರ ಬರದಿದ್ರೂ ಮೆಸೇಜ್ ಉಳಿಯುತ್ತೆ. ಮೊಬೈಲ್ ದಾಖಲೆ ಕೋರ್ಟಿಗೆ ಕೊಡೋವಾಗ ಜೊತೆಗೆ ಒಂದು ಸರ್ಟಿಫಿಕೇಟ್ ಬೇಕು, ಮೊದ್ಲು 65ಬಿ ಅಂತಿದ್ರು ಈಗ ಹೊಸ ಸಾಕ್ಷ್ಯ ಕಾಯ್ದೆಲಿ ಸೆಕ್ಷನ್ 63, ವಕೀಲರು ಮಾಡಿಸ್ತಾರೆ, ನೀವು ಆ ಫೋನ್ ಮಾತ್ರ ಫಾರ್ಮ್ಯಾಟ್ ಮಾಡ್ಬೇಡಿ, ಮಾರ್ಬೇಡಿ. ವೋಟರ್ ಲಿಸ್ಟಲ್ಲಿ ಹೆಸರು ಎಲ್ಲಾದ್ರೂ ಬದಲಾಗಿದ್ಯಾ ನೋಡಿ. ನಿಜವಾಗ್ಲೂ ನಾಪತ್ತೆ ಆಗಿದ್ರೆ ಪೊಲೀಸ್ ಸ್ಟೇಷನ್ನಲ್ಲಿ ಕಾಣೆಯಾಗಿದ್ದಾರೆ ಅಂತ ದೂರು ಕೊಟ್ಟು ಅದರ ಪ್ರತಿ ತಗೊಳ್ಳಿ, ಏಳು ವರ್ಷದ ಕೇಸಿಗೆ ಆ ದೂರಿನ ತಾರೀಖು ಬಹಳ ಬೆಲೆ ಬಾಳುತ್ತೆ.

ಆಮೇಲೆ ವಕೀಲರ ಕೈಲಿ ಕೊನೇ ಅಡ್ರೆಸ್ಸಿಗೂ, ಅವರ ಅಪ್ಪ ಅಮ್ಮನ ಮನೆ ಅಡ್ರೆಸ್ಸಿಗೂ ನೋಟಿಸ್ ಕಳಿಸಿ. ವಾಪಸ್ ಬಂದ ಕವರನ್ನ ಒಡೀಬೇಡಿ, ಹಂಗೇ ಇಡಿ. ಅದರ ಮೇಲೆ ಪೋಸ್ಟ್‌ಮ್ಯಾನ್ ಬರೆದಿರೋ ಷರಾ ಇದ್ಯಲ್ಲ, ಮನೆ ಬಿಟ್ಟು ಹೋಗಿದ್ದಾರೆ, ಬಾಗಿಲು ಹಾಕಿದೆ, ವಿಳಾಸದಲ್ಲಿ ಇಲ್ಲ, ಅದೇ ನಿಮ್ಮ ಸಾಕ್ಷಿ. 'ತಗೊಳ್ಳಲು ನಿರಾಕರಿಸಿದ್ದಾರೆ' ಅಂತ ಬಂದ್ರೆ ಕಥೆನೇ ಬೇರೆ, ಅಂದ್ರೆ ಅಲ್ಲಿ ಅವರಿದಾರೆ ಅಂತಾಯ್ತು.

ಅರ್ಜಿ ಜೊತೆ ಮದುವೆ ಫೋಟೋ, ಲಗ್ನಪತ್ರಿಕೆ ಅಥವಾ ಮದುವೆ ನೋಂದಣಿ ಸರ್ಟಿಫಿಕೇಟ್, ಇಬ್ಬರ ಆಧಾರ್ ಪ್ರತಿ ಇದ್ರೆ ಅದು, ಮಕ್ಕಳ ಜನನ ಪತ್ರ ಹಾಕಿ. ಮಕ್ಕಳ ಕಸ್ಟಡಿನೂ ಅದೇ ಅರ್ಜಿಲಿ ಕೇಳಿಬಿಡಿ. ಅರ್ಜಿ ದಾಖಲಾದ್ಮೇಲೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ನಂಬರ್ ಕೊಡ್ತಾರೆ, ಕೋರ್ಟ್ ಸಮನ್ಸ್ ಹೊರಡ್ಸುತ್ತೆ, ಅದನ್ನ ಮುಟ್ಟಿಸೋ ಕೋರ್ಟ್ ಅಮೀನರು ಕೊನೇ ಅಡ್ರೆಸ್ಸಿಗೆ ಹೋಗಿ ಇಲ್ಲ ಅಂತ ಷರಾ ಬರೆದು ವಾಪಸ್ ಕೊಡ್ತಾರೆ. ಇದು ಒಂದೆರಡು ಸಲ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ, ಈ ವಾಪಸ್ ಬರೋದೇ ಮುಂದಿನ ಮೆಟ್ಟಿಲು. ಆಗ ನಿಮ್ಮ ವಕೀಲರು ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 5 ರೂಲ್ 20ರ ಕೆಳಗೆ ಅಫಿಡವಿಟ್ ಸಮೇತ ಅರ್ಜಿ ಹಾಕ್ತಾರೆ, ಮಾಮೂಲಿ ದಾರೀಲಿ ಸಮನ್ಸ್ ಮುಟ್ಟಿಸೋಕೆ ಆಗ್ತಿಲ್ಲ, ಬೇರೆ ದಾರಿಗೆ ಅನುಮತಿ ಕೊಡಿ ಅಂತ. ನೀವು ಕೂಡಿಟ್ಟ ಹುಡುಕಾಟದ ಫೈಲ್ ಇಲ್ಲಿ ಕೆಲಸಕ್ಕೆ ಬರೋದು. ಜಡ್ಜ್ ಒಪ್ಪಿದ್ರೆ ಸಮನ್ಸ್ ಪ್ರತಿನ ಕೋರ್ಟಲ್ಲೂ ಅವರು ಕೊನೇಲಿ ಇದ್ದ ಮನೆ ಬಾಗಿಲಿಗೂ ಅಂಟಿಸೋಕೆ, ಇಲ್ಲಾ ಪೇಪರಲ್ಲಿ ಪ್ರಕಟಣೆ ಕೊಡೋಕೆ ಹೇಳ್ತಾರೆ. ಕೆಲವು ಕೋರ್ಟಲ್ಲಿ ವಾಟ್ಸಾಪ್, ಇಮೇಲಿಗೂ ಕಳಿಸಿ ಅಂತಾರೆ.

ಪೇಪರ್ ವಿಷ್ಯದಲ್ಲಿ ನಾವು ಎಡವಿದ್ದು ಹೇಳ್ಲೇಬೇಕು. ಕೇಸ್ ಇದ್ದಿದ್ದು ಚಿತ್ರದುರ್ಗದಲ್ಲಿ, ಹತ್ರ ಆಗುತ್ತೆ ಅಂತ ಇಲ್ಲಿಯ ಒಂದು ಸಣ್ಣ ಪೇಪರಿಗೆ ಪ್ರಕಟಣೆ ಕೊಟ್ವಿ. ವಾಯ್ದೆ ದಿನ ಜಡ್ಜ್ ಪೇಪರ್ ತಿರುಗಿಸಿ ನೋಡಿ, ಎದುರುದಾರರ ಕೊನೇ ವಿಳಾಸ ದಾವಣಗೆರೆ ಅಂತೀರಿ, ಈ ಪೇಪರ್ ಅಲ್ಲಿಗೆ ಹೋಗುತ್ತಾ ಅಂತ ಕೇಳಿದ್ರು. ನಮ್ಮ ಹತ್ರ ಉತ್ತರ ಇರ್ಲಿಲ್ಲ. ರೂಲ್ ಹೇಳೋದೂ ಅದನ್ನೇ, ಅವರು ಕೊನೇಲಿ ವಾಸ ಇದ್ದ ಅಥವಾ ದುಡೀತಿದ್ದ ಜಾಗದಲ್ಲಿ ಓಡಾಡೋ ದಿನಪತ್ರಿಕೆ ಆಗಿರ್ಬೇಕು. ದುಡ್ಡೂ ಹೋಯ್ತು ಎರಡು ತಿಂಗಳೂ ಹೋಯ್ತು, ಅಕ್ಕ ಅವತ್ತು ಬಸ್ಸಲ್ಲಿ ಒಂದು ಮಾತೂ ಆಡ್ಲಿಲ್ಲ. ಹಾಗಾಗಿ ಯಾವ ಪೇಪರ್ ಯಾವ ಎಡಿಷನ್ ಅಂತ ಕೋರ್ಟಿನ ಆರ್ಡರಲ್ಲೇ ಬರೆಸ್ಕೊಳ್ಳಿ, ಪ್ರಕಟಣೆಲಿ ಹೆಸರು, ತಂದೆ ಹೆಸರು, ಕೇಸ್ ನಂಬರ್, ವಾಯ್ದೆ ತಾರೀಖು ಸರಿಯಾಗಿದ್ಯಾ ಅಂತ ಪ್ರಿಂಟಿಗೆ ಹೋಗೋ ಮುಂಚೆ ಓದಿ, ಅವತ್ತಿನ ಇಡೀ ಪೇಪರ್ ಎರಡು ಮೂರು ಪ್ರತಿ ಮತ್ತೆ ಬಿಲ್ ತೆಗೆದಿಡಿ, ಕತ್ತರಿಸಿದ ತುಂಡು ಸಾಕಾಗಲ್ಲ.

ಆ ತಾರೀಖಿಗೂ ಅವರು ಬರ್ಲಿಲ್ಲ ಅಂದ್ರೆ ಎಕ್ಸ್‌ಪಾರ್ಟಿ ಮಾಡ್ತಾರೆ, ಅಂದ್ರೆ ಅವರಿಲ್ದೇನೇ ಕೇಸ್ ಮುಂದುವರಿಸ್ತಾರೆ. ಎಕ್ಸ್‌ಪಾರ್ಟಿ ಅಂದ್ರೆ ಡೈವೋರ್ಸ್ ಸಿಕ್ಕೇಬಿಡ್ತು ಅಂತಲ್ಲ. ಎದುರಿಗೆ ಯಾರಿಲ್ದಿದ್ರೂ ಕೋರ್ಟಿಗೆ ಮನವರಿಕೆ ಆಗ್ಲೇಬೇಕು ಅಂತ ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತೆ. ನೀವು ಸಾಕ್ಷ್ಯದ ಅಫಿಡವಿಟ್ ಕೊಟ್ಟು ಕಟಕಟೆ ಹತ್ತಬೇಕು, ದಾಖಲೆ ಗುರುತು ಮಾಡಿಸ್ಬೇಕು, ಜೊತೆಗೆ ಒಬ್ಬ ಸಾಕ್ಷಿ ಇದ್ರೆ ಬಲ. ಏಳು ವರ್ಷದ ಕೇಸಾದ್ರೆ ಅವರ ಕಡೆಯೋರೇ, ಅಂದ್ರೆ ಅವರ ಅಮ್ಮನೋ ತಮ್ಮನೋ ಬಂದು ನಮಗೂ ಸುದ್ದಿ ಇಲ್ಲ ಅಂದ್ರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಒಂದು ಮಾತ್ರ ಯಾರು ಎಷ್ಟೇ ಹೇಳ್ಲಿ ಮಾಡ್ಬೇಡಿ. ಅಡ್ರೆಸ್ ಗೊತ್ತಿದ್ದೂ ಗೊತ್ತಿಲ್ಲ ಅನ್ನೋದು, ಬೇಕಂತಾನೇ ಹಳೇ ಅಡ್ರೆಸ್ ಕೊಟ್ಟು ಬೇಗ ಮುಗಿಸೋದು. ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿ ಅಂತ ಕೇಳೋಕೆ ಅವರಿಗೆ 30 ದಿನ ಟೈಮ್ ಇರುತ್ತೆ, ಆದ್ರೆ ಪೇಪರ್ ಪ್ರಕಟಣೆ ಮೇಲೆ ಆಗಿರೋ ಡಿಕ್ರಿಗೆ ಆ 30 ದಿನ ಶುರು ಆಗೋದು ಅವರಿಗೆ ವಿಷ್ಯ ಗೊತ್ತಾದ ದಿನದಿಂದ. ಅಂದ್ರೆ ಎಷ್ಟೋ ವರ್ಷ ಆದ್ಮೇಲೂ ಬಂದು ನಿಲ್ಬೋದು. ಆಗ ನಿಮ್ಮನ್ನ ಕಾಪಾಡೋದು ನೀವು ನಿಜವಾಗ್ಲೂ ಹುಡುಕಿದ್ರಿ ಅನ್ನೋ ಆ ಫೈಲ್ ಒಂದೇ. ಇನ್ನು ಪಂಚಾಯ್ತಿ ಸೇರಿಸಿ ಬಾಂಡ್ ಪೇಪರಲ್ಲಿ ಬರೆಸಿದ ಬಿಡುಗಡೆ ಪತ್ರ ನಂಬ್ಕೊಂಡು ಇನ್ನೊಂದು ಮದುವೆ ಆಗ್ಬೇಡಿ, ನಿಮ್ಮ ಸಮುದಾಯದಲ್ಲಿ ಅಂಥ ರೂಢಿ ಇದೆ ಅಂತ ಸಾಬೀತು ಮಾಡೋಕಾಗದಿದ್ರೆ ಅದು ಬರೀ ಕಾಗದ.

ದುಡ್ಡಿಲ್ಲ ಅಂತ ಹಿಂದೆ ಸರೀಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದೋರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರು ಸಿಗ್ತಾರೆ, ಕಡಿಮೆ ಆದಾಯದ ಗಂಡಸರಿಗೂ ಇದೆ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಆಫೀಸ್ ಇರುತ್ತೆ, ಇಲ್ಲಾ 15100ಕ್ಕೆ ಫೋನ್ ಮಾಡಿ. ಇದು ನಮಗೆ ಗೊತ್ತಾಗಿದ್ದು ಅರ್ಧ ಕೇಸ್ ಮುಗಿದ್ಮೇಲೆ.

ಡಿಕ್ರಿ ಆದ ತಕ್ಷಣ ಮದುವೆ ಮಾತುಕತೆಗೆ ಅವಸರ ಬೇಡ, ಅಪೀಲಿಗೆ 90 ದಿನ ಇರುತ್ತೆ, ಅದು ಮುಗಿಯೋ ತನಕ ಕಾಯ್ರಿ. ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿ, ಮೂರ್ನಾಲ್ಕು ಪ್ರತಿ ತಗೊಳ್ಳಿ, ರೇಷನ್ ಕಾರ್ಡು, ಪಾಸ್‌ಪೋರ್ಟು, ಬ್ಯಾಂಕು ಎಲ್ಲಾ ಕಡೆ ಕೇಳ್ತಾರೆ. ನಮ್ಮಕ್ಕ ಒಂದು ಪ್ರತಿನ ಆ ಒಡೆಯದ ಕವರ್‌ಗಳ ಜೊತೆ ಅದೇ ಫೈಲಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದಾಳೆ, ಇವತ್ತಿಗೂ ಅಲ್ಲೇ ಇದೆ.