ಕಾಂಡೊ ಕರಾರಿನಿಂದ ಹಿಂದೆ ಸರಿಯುವ ಮುನ್ನ: ಕೆನಡಾದಲ್ಲಿರುವ ಕಲಬುರಗಿ ಕಡೆಯ ಹೊಸಬರಿಗೆ

ಟೊರೊಂಟೊ ಸುತ್ತಮುತ್ತ ಇನ್ನೂ ಕಟ್ಟದ ಕಟ್ಟಡದಲ್ಲಿ ಕಾಂಡೊ (ಅಪಾರ್ಟ್‌ಮೆಂಟಿನ ಸ್ವಂತ ಮನೆ) ಕಾಯ್ದಿರಿಸಿ, ಬೆಲೆ ಕುಸಿದ ಮೇಲೆ ಬಿಲ್ಡರ್ ಹಾಕಿದ ದಾವೆಗೆ ಉತ್ತರ ಕೊಡಬೇಕಾಗಿ ಬಂದವರಲ್ಲಿ ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆಯ ಮಕ್ಕಳೂ ಇದ್ದಾರೆ. ನಾನು ನೆಲೆಸಿರುವುದು ಮಿಸಿಸಾಗದಲ್ಲಿ. ಅಲ್ಲಿಯ ಚಳಿಗಾಲ ತಪ್ಪಿಸಿಕೊಂಡು ಕಲಬುರಗಿಯ ಖೂಬಾ ಪ್ಲಾಟಿನ ಮನೆಗೆ ಬಂದಾಗಲೆಲ್ಲ ಇಂಥ ಮಕ್ಕಳ ತಂದೆತಾಯಿ ಯಾರಾದರೊಬ್ಬರು ಕಾಗದದ ಕಟ್ಟು ಹಿಡಿದು ಬರುತ್ತಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕೊಟ್ಟ ಮುಂಗಡ ಹೋದ್ರ ಹೋಗ್ಲಿ, ಕೈ ಬಿಡು ಅಂದ್ರ ಆಗಂಗಿಲ್ಲೇನ್ರಿ ಕಾಕಾ?" ಆಗುವುದಿಲ್ಲ. ಏಕೆ ಆಗುವುದಿಲ್ಲ, ಏನು ಮಾಡಿದರೆ ನಷ್ಟ ಕಡಿಮೆಯಾಗಬಹುದು ಎಂಬುದನ್ನು ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು. ಇಲ್ಲಿ ಹೇಳಿರುವುದು ಒಂಟಾರಿಯೊ ಪ್ರಾಂತದ ಕಾನೂನು. ಬೇರೆ ಪ್ರಾಂತಗಳಲ್ಲಿ ನಿಯಮ ಬೇರೆ.

ನಮ್ಮ ಊರಿನಲ್ಲಿ ಸೇಡಂ ರಸ್ತೆಯಲ್ಲೋ ಜೇವರ್ಗಿ ರಸ್ತೆಯಲ್ಲೋ ಪ್ಲಾಟಿನ ಮಾತುಕತೆ ಮುರಿದುಬಿದ್ದರೆ ನಡುವೆ ಹಿರಿಯರು ಕೂರುತ್ತಾರೆ, ಮುಂಗಡದಲ್ಲಿ ಅರ್ಧವಾದರೂ ವಾಪಸು ಬರುತ್ತದೆ, ಬರದಿದ್ದರೆ ಅಲ್ಲಿಗೆ ವ್ಯವಹಾರ ಮುಗಿಯುತ್ತದೆ. 2016ರ ರೇರಾ ಕಾಯ್ದೆ ಬಂದ ಮೇಲೆ ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ, ಸಮಯಕ್ಕೆ ಸ್ವಾಧೀನ ಕೊಡದಿದ್ದರೆ ಬಡ್ಡಿಸಹಿತ ಹಣ ಮರಳಿಸಬೇಕು. ಈ ಎರಡೂ ಅನುಭವಗಳಿಂದ ನಮ್ಮವರ ಮನಸ್ಸಿನಲ್ಲಿ ಒಂದು ಲೆಕ್ಕ ಕೂತಿದೆ: ಹೋಗುವುದಾದರೆ ಮುಂಗಡ ಹೋದೀತು, ಅದಕ್ಕಿಂತ ಹೆಚ್ಚು ಹೋಗದು. ಒಂಟಾರಿಯೊದಲ್ಲಿ ಮುಂಗಡವು ನಷ್ಟದ ಮಿತಿಯಲ್ಲ. ಖರೀದಿ ಪೂರೈಸದಿದ್ದರೆ ಬಿಲ್ಡರ್ ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಅದರ ಮೇಲೂ ತನಗೆ ನಷ್ಟವಾಗಿದ್ದರೆ ಆ ಬಾಕಿಗಾಗಿ ದಾವೆ ಹೂಡಬಹುದು.

ಇಂದಿನ ಬಿಕ್ಕಟ್ಟಿನ ಮೂಲ 2020ರಿಂದ 2022ರವರೆಗಿನ ಅಗ್ಗದ ಸಾಲದಲ್ಲಿದೆ. ಬ್ಯಾಂಕ್ ಆಫ್ ಕೆನಡಾದ ದರ 2022ರ ಮಾರ್ಚ್‌ವರೆಗೆ ಶೇ. 0.25 ಇತ್ತು, 2023ರ ಜುಲೈ ವೇಳೆಗೆ ಅದು ಶೇ. 5ಕ್ಕೆ ಏರಿತು. ಟೊರೊಂಟೊ ಪ್ರದೇಶದ ಮನೆ ಬೆಲೆಗಳು 2022ರ ಫೆಬ್ರುವರಿಯಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿದವು. 2024ರಿಂದ ದರ ಮತ್ತೆ ತಗ್ಗಿತಾದರೂ ಕಾಂಡೊ ಕೊಳ್ಳುವವರು ಮರಳಲಿಲ್ಲ. ಹೊಸ ಕಾಂಡೊಗಳ ಮಾರಾಟ ಮೂರು ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಬಿತ್ತು. ಅಗ್ಗದ ಕಾಲದಲ್ಲಿ ಸಹಿ ಮಾಡಿದ ಕರಾರುಗಳ ಕಟ್ಟಡಗಳು ಪೂರ್ತಿಯಾಗಿ ಉಳಿದ ಹಣ ಕಟ್ಟುವ ಗಡುವು ಬಂದದ್ದು ಈ ಇಳಿಗಾಲದಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. 2021ರಲ್ಲಿ ಏಳು ಲಕ್ಷ ಡಾಲರಿಗೆ ಒಂದು ಕಾಂಡೊ ಒಪ್ಪಿ, ಕಂತುಗಳಲ್ಲಿ ಶೇ. 20ರಂತೆ 1,40,000 ಡಾಲರ್ ಮುಂಗಡ ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಉಳಿದದ್ದು 5,60,000. ಈಗ ಬ್ಯಾಂಕಿನ ಮೌಲ್ಯಮಾಪಕರು ಬಂದು ಆ ಮನೆಯ ಬೆಲೆಯೇ 5,60,000 ಎಂದು ಬರೆದರೆ, ಬ್ಯಾಂಕು ಸಾಲ ಕೊಡುವುದು ಕರಾರಿನ ಬೆಲೆಯ ಮೇಲಲ್ಲ, ಈ ಹೊಸ ಬೆಲೆಯ ಮೇಲೆ. ಅದರ ಶೇ. 80 ಅಂದರೆ 4,48,000. ಮುಂಗಡ ಪೂರ್ತಿ ಕಟ್ಟಿದ ಮೇಲೂ ಇನ್ನೂ 1,12,000 ಡಾಲರ್ ಕೈಯಿಂದ ತರಬೇಕು. ವಕೀಲರ ಶುಲ್ಕ, ಭೂ ವರ್ಗಾವಣೆ ತೆರಿಗೆ, ಕರಾರಿನಲ್ಲಿ ಮೂಲೆಗೆ ಸೇರಿಸಿದ ಅಭಿವೃದ್ಧಿ ಶುಲ್ಕಗಳು (ನಗರಾಡಳಿತ ಬಿಲ್ಡರಿಗೆ ಹಾಕಿ, ಬಿಲ್ಡರ್ ನಿಮಗೆ ದಾಟಿಸುವವು) ಇದರ ಮೇಲೆ. ಇಷ್ಟು ಹಣವಿಲ್ಲದೆ ನೀವು ಕೈಬಿಟ್ಟಿರಿ, ಬಿಲ್ಡರ್ ಅದನ್ನು 5,20,000ಕ್ಕೆ ಮಾರಿದರು ಎನ್ನಿ. ವ್ಯತ್ಯಾಸ 1,80,000. ನಿಮ್ಮ ಮುಂಗಡ ಕಳೆದರೆ 40,000 ಬಾಕಿ. ಇದಕ್ಕೆ ಮರುಮಾರಾಟದ ದಲಾಲಿ, ಮನೆ ಖಾಲಿ ಇದ್ದ ತಿಂಗಳುಗಳ ಖರ್ಚು, ಬಡ್ಡಿ, ಅವರ ವಕೀಲರ ಶುಲ್ಕದ ಒಂದು ಪಾಲು ಸೇರುತ್ತವೆ. ದಾವೆಯ ಪ್ರತಿಯಲ್ಲಿ ನೀವು ಕಾಣುವ ಮೊತ್ತ ಹುಟ್ಟುವುದು ಹೀಗೆ.

ನ್ಯಾಯಾಲಯಗಳು ಈ ಲೆಕ್ಕವನ್ನೇ ಒಪ್ಪುತ್ತವೆ. 2017ರಲ್ಲಿ ಬೆಲೆ ಇಳಿದಾಗ ಮನೆಯ ಖರೀದಿ ಪೂರೈಸದ ಒಬ್ಬರ ಪ್ರಕರಣದಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯವು 2019ರಲ್ಲಿ, ಒಪ್ಪಿದ ಬೆಲೆಗೂ ಮರುಮಾರಾಟದ ಬೆಲೆಗೂ ಇರುವ ವ್ಯತ್ಯಾಸವನ್ನು ಕೊಳ್ಳುವವರೇ ತುಂಬಬೇಕು, ಮುಂಗಡವನ್ನು ಅದರಲ್ಲಿ ಕಳೆಯಬೇಕು ಎಂದು ಹೇಳಿತು. ಮುಂಗಡ ಮುಟ್ಟುಗೋಲಿನಿಂದ ವಿನಾಯಿತಿ ಕೇಳಲು ಅವಕಾಶವಿದೆ, ಆದರೆ ಅದೇ ನ್ಯಾಯಾಲಯ 2017ರಲ್ಲಿ ವಿವರಿಸಿದ ಪ್ರಕಾರ ಮುಂಗಡದ ಮೊತ್ತ ನಷ್ಟಕ್ಕೆ ಹೋಲಿಸಿದರೆ ಅಳತೆ ಮೀರಿದ್ದಾಗಿರಬೇಕು, ಜೊತೆಗೆ ಅದನ್ನು ಇಟ್ಟುಕೊಳ್ಳುವುದು ಆತ್ಮಸಾಕ್ಷಿ ಒಪ್ಪದಷ್ಟು ಅನ್ಯಾಯವಾಗಿರಬೇಕು, ಇದು ವಿರಳ. ಬೆಲೆ ಇಳಿಯಿತು, ಸಾಲ ಸಿಗಲಿಲ್ಲ, ಕೆಲಸ ಹೋಯಿತು ಎಂಬ ಕಾರಣಗಳು ಮನುಷ್ಯನಿಗೆ ದೊಡ್ಡವು, ಆದರೆ ಕರಾರು ರದ್ದಾಗಲು ಸಾಲವು. ನಿಮ್ಮ ಪರವಾಗಿ ಇರುವ ಒಂದು ನಿಯಮವೆಂದರೆ ಬಿಲ್ಡರ್ ತನ್ನ ನಷ್ಟ ಕಡಿಮೆ ಮಾಡಲು ಸಮಂಜಸವಾಗಿ ಪ್ರಯತ್ನಿಸಿರಬೇಕು. ಮಾರುಕಟ್ಟೆಗೆ ಸರಿಯಾಗಿ ಬಿಡದೆ ತನಗೆ ಬೇಕಾದವರಿಗೆ ಅಗ್ಗಕ್ಕೆ ಕೊಟ್ಟಿದ್ದರೆ ಅದನ್ನು ಪ್ರಶ್ನಿಸಬಹುದು. ಮರುಮಾರಾಟದ ಕಾಗದಗಳನ್ನು ನಿಮ್ಮ ವಕೀಲರು ಕೇಳಿ ಪಡೆಯಲಿ.

ಹಾಗಾದರೆ ಕಾನೂನು ಕೊಟ್ಟ ಬಾಗಿಲುಗಳು ಯಾವುವು? ಎಲ್ಲಕ್ಕಿಂತ ಅಗಲವಾದ ಬಾಗಿಲು ಮೊದಲ ಹತ್ತು ದಿನ. 1998ರ ಕಾಂಡೊಮಿನಿಯಂ ಕಾಯ್ದೆಯ ಪ್ರಕಾರ, ಬಿಲ್ಡರಿನಿಂದ ನೇರವಾಗಿ ಕೊಳ್ಳುವ ಹೊಸ ಕಾಂಡೊ ಕರಾರನ್ನು, ಎರಡೂ ಕಡೆಯವರು ಸಹಿ ಮಾಡಿದ ಪ್ರತಿ ಮತ್ತು ಡಿಸ್‌ಕ್ಲೋಷರ್ ಸ್ಟೇಟ್‌ಮೆಂಟ್ (ಬಿಲ್ಡರ್ ಕೊಡುವ ಯೋಜನೆಯ ವಿವರಪತ್ರ) ಎರಡೂ ಕೈಸೇರಿದ ದಿನದಿಂದ ಹತ್ತು ದಿನಗಳೊಳಗೆ ಕಾರಣ ಹೇಳದೆ ಲಿಖಿತವಾಗಿ ರದ್ದು ಮಾಡಬಹುದು, ಹಣ ಪೂರ್ತಿ ವಾಪಸು ಬರುತ್ತದೆ. ಇದು ಬಿಲ್ಡರಿನ ಔದಾರ್ಯವಲ್ಲ, ನಿಮ್ಮ ಹಕ್ಕು. ಆದರೆ ಮಾರಾಟದ ಕಚೇರಿಯ ಹಬ್ಬದ ವಾತಾವರಣದಲ್ಲಿ ಸಹಿ ಮಾಡಿ ಬಂದವರಿಗೆ ಈ ಹತ್ತು ದಿನ ಊರಿಗೆ ಫೋನ್ ಮಾಡಿ ಸಿಹಿ ಹಂಚುವುದರಲ್ಲೇ ಕಳೆದುಹೋಗುತ್ತದೆ. "ಏಜೆಂಟ್ ನಮ್ಮ ಕಡೆಯವನೇ" ಎಂಬ ಭರವಸೆಯನ್ನು ಬಹಳ ಸಲ ಕೇಳಿದ್ದೇನೆ. ಕನ್ನಡ ಬರುತ್ತದೆ ನಿಜ, ಆದರೆ ಆತನ ಕಮಿಷನ್ ಕೊಡುವವರು ಬಿಲ್ಡರ್. ಆ ಹತ್ತು ದಿನಗಳಲ್ಲಿ, ಏಜೆಂಟಾಗಲಿ ಬಿಲ್ಡರಾಗಲಿ ತೋರಿಸಿದ ವಕೀಲರನ್ನು ಬಿಟ್ಟು ಬೇರೊಬ್ಬ ರಿಯಲ್ ಎಸ್ಟೇಟ್ ವಕೀಲರಿಂದ ಇಡೀ ಕರಾರನ್ನು ಓದಿಸಿ, ನಾಲ್ಕು ಸಂಗತಿಗಳನ್ನು ಕೇಳಿಸಿ: ಅಭಿವೃದ್ಧಿ ಶುಲ್ಕಗಳಿಗೆ ಗರಿಷ್ಠ ಮಿತಿ ಇದೆಯೇ, ಕರಾರನ್ನು ಬೇರೆಯವರಿಗೆ ವರ್ಗಾಯಿಸಲು ಅನುಮತಿ ಇದೆಯೇ, ಇದ್ದರೆ ಅದರ ಶುಲ್ಕ ಎಷ್ಟು, ಸ್ವಾಧೀನದ ಕೊನೆಯ ದಿನಾಂಕ ಯಾವುದು. ಮಿತಿ ಹಾಕಿಸಿಕೊಳ್ಳಲು ಬಿಲ್ಡರ್ ಒಪ್ಪುವುದು ಆ ಹತ್ತು ದಿನಗಳಲ್ಲಿ ಮಾತ್ರ.

ಆಮೇಲಿನ ಬಾಗಿಲುಗಳು ಕಿರಿದು. ಡಿಸ್‌ಕ್ಲೋಷರಿನಲ್ಲಿ ಹೇಳಿದ್ದಕ್ಕೆ ಬಿಲ್ಡರ್ ಮಹತ್ವದ ಬದಲಾವಣೆ ಮಾಡಿದರೆ ಅದನ್ನು ತಿಳಿದ ಮೇಲೆ ಮತ್ತೆ ಹತ್ತು ದಿನಗಳ ಅವಕಾಶ ಸಿಗುತ್ತದೆ. ಬದಲಾವಣೆ ಮಹತ್ವದ್ದೋ ಅಲ್ಲವೋ ಎಂಬುದರ ಮೇಲೆಯೇ ವ್ಯಾಜ್ಯ ನಡೆಯುತ್ತದೆ. ಕರಾರಿಗೆ ಲಗತ್ತಿಸುವ ಟ್ಯಾರಿಯನ್ (ಒಂಟಾರಿಯೊದಲ್ಲಿ ಹೊಸ ಮನೆಗಳ ವಾರಂಟಿ ನೋಡಿಕೊಳ್ಳುವ ಸಂಸ್ಥೆ) ಅನುಬಂಧದಲ್ಲಿ ಸ್ವಾಧೀನದ ಅಂತಿಮ ಗಡುವು ಇರುತ್ತದೆ. ಅದು ದಾಟಿದರೆ ಮುಂದಿನ 30 ದಿನಗಳಲ್ಲಿ ನೀವು ಲಿಖಿತವಾಗಿ ಕರಾರು ಕೊನೆಗೊಳಿಸಿ ಹಣ ವಾಪಸು ಪಡೆಯಬಹುದು. ತಡವಾದ ಸ್ವಾಧೀನಕ್ಕೆ ದಿನಕ್ಕೆ 150 ಡಾಲರಿನಂತೆ ಖರ್ಚು ಸೇರಿ 7,500 ಡಾಲರಿನವರೆಗೆ ಪರಿಹಾರವೂ ಉಂಟು. ಇನ್ನು ಸುಳ್ಳು ಭರವಸೆಯ ದಾರಿ. ಟೊರೊಂಟೊದ ಟ್ರಂಪ್ ಹೋಟೆಲ್ ಗೋಪುರದಲ್ಲಿ ಕೋಣೆ ಕೊಂಡ ಇಬ್ಬರು ಹೂಡಿಕೆದಾರರು, ಬಾಡಿಗೆ ಆದಾಯದ ಅಂದಾಜು ಪಟ್ಟಿ ತಮ್ಮನ್ನು ದಾರಿ ತಪ್ಪಿಸಿತೆಂದು ಹೂಡಿದ್ದ ದಾವೆಯಲ್ಲಿ 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ನೀಡಿತು. "ಈ ಕಾಗದದಲ್ಲಿ ಇಲ್ಲದ ಯಾವ ಮಾತೂ ಲೆಕ್ಕಕ್ಕಿಲ್ಲ" ಎಂಬ ಕರಾರಿನ ಷರತ್ತು ಬಿಲ್ಡರನ್ನು ಕಾಪಾಡಲಿಲ್ಲ. ಅಲ್ಲಿ ಅವರ ಕೈಯಲ್ಲಿ ಮುದ್ರಿತ ಪಟ್ಟಿ ಇತ್ತು ಎಂಬುದನ್ನು ಗಮನಿಸಿ. ಮಾರಾಟದ ಹುಡುಗ ಬಾಯಿಮಾತಿನಲ್ಲಿ "ಬೆಲೆ ದುಪ್ಪಟ್ಟಾಗುತ್ತದೆ" ಎಂದಿದ್ದರೆ ಅದನ್ನು ನ್ಯಾಯಾಲಯದಲ್ಲಿ ನಿಲ್ಲಿಸುವುದು ಕಷ್ಟ.

ಹೊಸಬರು ಎಡವುವ ಇನ್ನೊಂದು ಘಟ್ಟ ಮಧ್ಯಂತರ ಸ್ವಾಧೀನ. ಕೀಲಿ ಸಿಕ್ಕಿತೆಂದು ಗೃಹಪ್ರವೇಶ ಮಾಡುತ್ತಾರೆ, ಆದರೆ ಕಟ್ಟಡ ಕಾಂಡೊಮಿನಿಯಂ ಆಗಿ ನೋಂದಣಿಯಾಗುವವರೆಗೆ ನೀವು ಮಾಲೀಕರಲ್ಲ. ತಿಂಗಳಿಗೊಮ್ಮೆ ಬಾಕಿ ಮೊತ್ತದ ಬಡ್ಡಿ, ಅಂದಾಜು ತೆರಿಗೆ, ನಿರ್ವಹಣಾ ವೆಚ್ಚ ಸೇರಿಸಿ ಶುಲ್ಕ ಕಟ್ಟಬೇಕು, ಅದರಲ್ಲಿ ಒಂದು ಪೈಸೆಯೂ ಅಸಲಿಗೆ ಜಮೆಯಾಗದು. ಈ ಶುಲ್ಕ ನಿಲ್ಲಿಸಿದರೂ ಅದು ಕರಾರಿನ ಉಲ್ಲಂಘನೆಯೇ. ಮನೆಯನ್ನು ಬಾಡಿಗೆಗೆ ಕೊಡುವ ಉದ್ದೇಶವಿದ್ದರೆ, ಸ್ವಂತ ವಾಸಕ್ಕೆಂದು ಬೆಲೆಯಲ್ಲಿ ಮೊದಲೇ ಕಳೆದಿದ್ದ ಎಚ್‌ಎಸ್‌ಟಿ (ಮಾರಾಟ ತೆರಿಗೆ) ರಿಯಾಯಿತಿಯನ್ನು ಅಂತಿಮ ದಿನ ಬಿಲ್ಡರ್ ನಿಮ್ಮಿಂದ ವಸೂಲಿ ಮಾಡುತ್ತಾರೆ. ಪ್ರಾಂತದ ಪಾಲೇ 24,000 ಡಾಲರಿನವರೆಗೆ ಇರಬಹುದು. ಆಮೇಲೆ ಬಾಡಿಗೆ ಕರಾರು ತೋರಿಸಿ ಅರ್ಜಿ ಹಾಕಿ ವಾಪಸು ಪಡೆಯಬಹುದು, ಆದರೆ ಆ ದಿನ ಹಣ ಕೈಯಲ್ಲಿರಬೇಕು.

ಇಳಿಗಾಲದಲ್ಲಿ ಸೋಲುವವರು ಕೊಳ್ಳುವವರು ಮಾತ್ರವಲ್ಲ. ಟೊರೊಂಟೊ ನಡುಮಧ್ಯದ 1 ಬ್ಲೂರ್ ವೆಸ್ಟ್‌ನ ಗಗನಚುಂಬಿ ಕಟ್ಟಡ 2023ರ ಅಕ್ಟೋಬರಿನಲ್ಲಿ ನ್ಯಾಯಾಲಯ ನೇಮಿಸಿದ ರಿಸೀವರ್ (ಸಾಲ ತೀರಿಸಲಾಗದವರ ಆಸ್ತಿಯನ್ನು ವಹಿಸಿಕೊಂಡು ನೋಡಿಕೊಳ್ಳುವವರು) ಕೈಗೆ ಹೋಯಿತು. ಹೀಗಾದಾಗ ಹಳೆಯ ಕರಾರುಗಳನ್ನು ರದ್ದುಪಡಿಸಲು ನ್ಯಾಯಾಲಯ ಅನುಮತಿ ಕೊಡಬಹುದು. ಕಾಯ್ದೆಯಂತೆ ಮುಂಗಡವನ್ನು ಟ್ರಸ್ಟ್ ಖಾತೆಯಲ್ಲಿಡಬೇಕು, ತೆಗೆದು ಬಳಸುವುದಾದರೆ ಅದರ ಬದಲಿಗೆ ವಿಮೆಯಂಥ ಭದ್ರತೆ ಕೊಡಬೇಕು. ಕಾಂಡೊ ಮುಂಗಡಕ್ಕೆ ಟ್ಯಾರಿಯನ್ ನೇರವಾಗಿ ಕೊಡುವ ರಕ್ಷಣೆ 20,000 ಡಾಲರಿನವರೆಗೆ. ಆದ್ದರಿಂದ ಚೆಕ್ಕನ್ನು ಬರೆಯುವುದು ಕರಾರಿನಲ್ಲಿ ಹೇಳಿದ ವಕೀಲರ ಟ್ರಸ್ಟ್ ಖಾತೆಯ ಹೆಸರಿಗೇ ಆಗಿರಲಿ, ಎಲ್ಲ ರಸೀದಿಗಳೂ ನಿಮ್ಮಲ್ಲಿರಲಿ. ಬಿಲ್ಡರಿಗೆ ಪರವಾನಗಿ ಇದೆಯೇ, ಹಿಂದೆ ದಂಡ ಬಿದ್ದಿದೆಯೇ ಎಂಬುದನ್ನು 2021ರಿಂದ ಪರವಾನಗಿ ಕೊಡುತ್ತಿರುವ ಎಚ್‌ಸಿಆರ್‌ಎ ಸಂಸ್ಥೆಯ ಬಿಲ್ಡರ್ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು.

ಹಣ ಹೊಂದುವುದಿಲ್ಲವೆಂದು ಖಚಿತವಾದರೆ ಗಡುವಿಗೆ ಬಹಳ ಮೊದಲೇ ವಕೀಲರ ಮೂಲಕ ಬಿಲ್ಡರಿನೊಂದಿಗೆ ಮಾತಾಡಿಸಿ. ಬಿಲ್ಡರಿಗೂ ಖಾಲಿ ಮನೆಗಳ ಸಾಲು ಬೇಡವಾಗಿರುತ್ತದೆ; ಗಡುವು ಮುಂದೂಡುವುದು, ಕೊರತೆಯ ಮೊತ್ತಕ್ಕೆ ತಾವೇ ಸಾಲ ಕೊಡುವುದು, ಚಿಕ್ಕ ಮನೆಗೆ ಬದಲಾಯಿಸುವುದು ಮುಂತಾದವಕ್ಕೆ ಕೆಲವರು ಒಪ್ಪುತ್ತಾರೆ. "ನಾನು ಕೊಳ್ಳುವುದಿಲ್ಲ" ಎಂದು ನೀವಾಗಿಯೇ ಇಮೇಲ್ ಬರೆಯಬೇಡಿ, ಅದನ್ನೇ ಕರಾರು ಮುರಿದ ಸಾಕ್ಷಿಯಾಗಿ ಬಳಸುತ್ತಾರೆ. ಅಸೈನ್‌ಮೆಂಟ್, ಅಂದರೆ ಕರಾರನ್ನು ಬೇರೊಬ್ಬರಿಗೆ ಮಾರುವುದು, ಬಿಲ್ಡರಿನ ಒಪ್ಪಿಗೆಯಿಂದ ಸಾಧ್ಯ, ಆದರೆ 2022ರ ಮೇ 7ರಿಂದ ಅದಕ್ಕೂ ಎಚ್‌ಎಸ್‌ಟಿ ಅನ್ವಯಿಸುತ್ತದೆ, ಮತ್ತು ಕೊಂಡವರು ಪೂರೈಸದಿದ್ದರೆ ಮೂಲ ಸಹಿದಾರರಾದ ನಿಮ್ಮ ಮೇಲೆಯೇ ಹೊಣೆ ಉಳಿಯುವ ಷರತ್ತು ಸಾಮಾನ್ಯ. ಮುಂಗಡ ಬಿಟ್ಟುಕೊಟ್ಟು ಹೊರಬರುವ ಒಪ್ಪಂದವಾದರೆ, ಇನ್ನು ಮುಂದೆ ಯಾವ ದಾವೆಯೂ ಇಲ್ಲವೆಂದು ಇಬ್ಬರೂ ಬರೆದುಕೊಡುವ ಬಿಡುಗಡೆ ಪತ್ರವಿಲ್ಲದೆ ಏಳಬೇಡಿ.

ದಾವೆಯ ಪ್ರತಿ ಒಂಟಾರಿಯೊದಲ್ಲಿ ಕೈಸೇರಿದರೆ ಪ್ರತಿವಾದ ಸಲ್ಲಿಸಲು ಸಾಮಾನ್ಯವಾಗಿ 20 ದಿನ. ನೀವು ಭಾರತಕ್ಕೆ ಬಂದಿದ್ದಾಗ ಜಾರಿಯಾದರೆ 60 ದಿನ. ಉತ್ತರಿಸದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಬರುತ್ತದೆ. ಊರಿಗೆ ಬಂದು ಕೂತರೆ ಮೊಕದ್ದಮೆ ತಣ್ಣಗಾಗುತ್ತದೆ ಎಂದು ನಂಬಿದವರು ಮರಳಿ ಹೋದಾಗ ಸಂಬಳದ ಮೇಲೆ ಜಪ್ತಿ ಆದೇಶ ಕಾದಿರಬಹುದು.

ಇನ್ನು ಮನೆಯವರ ಪ್ರಶ್ನೆ: "ಇಲ್ಲಿ ಹೊಲಕ್ಕ ಏನರ ತ್ರಾಸ ಆಗ್ತದೇನ್ರಿ?" ತಂದೆಯ ಸ್ವಂತ ಹೆಸರಿನ ಹೊಲ ಮಗ ಮಾಡಿದ ಕರಾರಿಗೆ ಹೊಣೆಯಲ್ಲ, ತಂದೆ ತಾನೇ ಜಾಮೀನುದಾರನಾಗಿಯೋ ಸಹಖರೀದಿದಾರನಾಗಿಯೋ ಸಹಿ ಮಾಡಿರದಿದ್ದರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪಟ್ಟಿಯಲ್ಲಿ ಕೆನಡಾ ಇಲ್ಲ. ಆದ್ದರಿಂದ ಅಲ್ಲಿಯ ಡಿಕ್ರಿಯನ್ನು ಇಲ್ಲಿ ನೇರವಾಗಿ ಜಾರಿಗೊಳಿಸಲಾಗದು, ಆ ತೀರ್ಪಿನ ಆಧಾರದ ಮೇಲೆ ಮೂರು ವರ್ಷಗಳೊಳಗೆ ಇಲ್ಲಿ ಹೊಸ ದಾವೆ ಹೂಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಪಾಲಿದ್ದರೆ ಕಲಬುರಗಿಯ ವಕೀಲರೊಬ್ಬರನ್ನು ಪ್ರತ್ಯೇಕವಾಗಿ ಕೇಳಿ. ನನಗೆ ಹೆಚ್ಚು ಕಳವಳ ತರುವುದು ಜಪ್ತಿಯಲ್ಲ, ಮಗನ ಕೊರತೆ ತುಂಬಲು ತರಾತುರಿಯಲ್ಲಿ ತೊಗರಿ ಹೊಲ ಮಾರುವುದು. ವಿದೇಶಕ್ಕೆ ಹಣ ಕಳಿಸುವ ಬಗೆಗಿನ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ನಿಯಮದಂತೆ ಒಬ್ಬರು ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಕಳಿಸಬಹುದು ಎಂಬ ಕಾರಣಕ್ಕೆ ಕಳಿಸಿಯೇ ತೀರಬೇಕೆಂದಿಲ್ಲ. ಮಾರಿ ಪೂರೈಸಿದರೆ ಆಗುವ ನಷ್ಟ ಮತ್ತು ಬಿಲ್ಡರಿನೊಂದಿಗೆ ರಾಜಿಯಾದರೆ ಆಗುವ ನಷ್ಟ, ಎರಡನ್ನೂ ವಕೀಲರು ಬರೆದುಕೊಟ್ಟ ಮೇಲೆಯೇ ಹೊಲದ ಮಾತು ಎತ್ತಿ.

ಇನ್ನೂ ಕೊಳ್ಳದವರಿಗೆ ನನ್ನ ಅಭಿಪ್ರಾಯ ಸರಳ: ಮೊದಲು ಬಾಡಿಗೆಗೆ ಇರಿ, ಕೊಳ್ಳುವುದಾದರೆ ಕಟ್ಟಿ ನಿಂತ, ನೋಂದಣಿಯಾದ ಮನೆ ಕೊಳ್ಳಿ. ಕೆನಡಾದವರಲ್ಲದವರು ಮನೆ ಕೊಳ್ಳುವುದನ್ನು ನಿಷೇಧಿಸುವ ಕಾಯ್ದೆ 2027ರ ಜನವರಿ 1ರವರೆಗೆ ವಿಸ್ತರಣೆಯಾಗಿದೆ. ಕಾಯಂ ನಿವಾಸಿಗಳಿಗೆ ಅದು ಅನ್ವಯಿಸದು, ಕೆಲಸದ ಪರವಾನಗಿಯವರಿಗೆ ಅವಧಿ ಇನ್ನೂ 183 ದಿನ ಉಳಿದಿರಬೇಕೆಂಬಂಥ ಷರತ್ತುಗಳಿವೆ. ಈಗಾಗಲೇ ಸಿಕ್ಕಿಕೊಂಡವರು, ವಕೀಲರು ಗೊತ್ತಿಲ್ಲದಿದ್ದರೆ, ಒಂಟಾರಿಯೊ ಲಾ ಸೊಸೈಟಿಯ ರೆಫರಲ್ ಸೇವೆಯ ಮೂಲಕ ಅರ್ಧ ಗಂಟೆಯವರೆಗೆ ಉಚಿತವಾಗಿ ಒಬ್ಬರೊಂದಿಗೆ ಮಾತಾಡಬಹುದು. ಆ ಅರ್ಧ ಗಂಟೆಗೆ ಹೋಗುವಾಗ ಸಹಿಯಾದ ಕರಾರು, ಅನುಬಂಧ, ಡಿಸ್‌ಕ್ಲೋಷರ್, ಮುಂಗಡದ ರಸೀದಿಗಳು, ಬ್ಯಾಂಕು ಸಾಲ ನಿರಾಕರಿಸಿದ ಪತ್ರ ಮತ್ತು ಬಿಲ್ಡರಿನ ವಕೀಲರು ಕಳಿಸಿದ ಪ್ರತಿಯೊಂದು ಪತ್ರವನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಹೋಗಿ. ಸಮಯವೆಲ್ಲ ಹುಡುಕುವುದರಲ್ಲೇ ಕಳೆಯಬಾರದು.