ನೌಕರಿ ಬಿಡದೆ ಹತ್ತು ಮೀಟರ್ ಏರ್ ಪಿಸ್ತೂಲು

ಕಾಸರಗೋಡಿನಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರಿಗೆ ಶೂಟಿಂಗ್ ರೇಂಜಿಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಪರವಾಗಿಲ್ಲ. ಕೈ ಪಳಗುವುದು ಮನೆಯಲ್ಲಿ, ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕದೆ ಬರೀ ಟ್ರಿಗರ್ ಎಳೆಯುವ ಡ್ರೈ ಫೈರಿಂಗಿನಲ್ಲಿ. ರೇಂಜು ಅದರ ಲೆಕ್ಕ ನೋಡುವ ಜಾಗ.

ಚಾವಡಿಯಲ್ಲಿ 5 ಮೀಟರ್ ಉದ್ದ ಸಿಕ್ಕರೆ ಸಾಕು. ಟಾರ್ಗೆಟ್ಟಿನ ಕಪ್ಪು ವೃತ್ತದ ವ್ಯಾಸ 59.5 ಮಿ.ಮೀ.; ಅರ್ಧ ದೂರಕ್ಕೆ ಸುಮಾರು 30 ಮಿ.ಮೀ. ಕಪ್ಪು ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿ. ಎಡವುವುದು ಎತ್ತರದಲ್ಲಿ. ರೇಂಜಿನಲ್ಲಿ ಟಾರ್ಗೆಟ್ಟಿನ ನಡು ನೆಲದಿಂದ 1.4 ಮೀಟರ್. ನಿಮ್ಮ ಕಣ್ಣು 1.6 ಮೀಟರಿನಲ್ಲಿದ್ದರೆ, ಅರ್ಧ ದಾರಿಯಲ್ಲಿ ಕಾಗದ ಇರಬೇಕಾದ್ದು 1.5ರಲ್ಲಿ. ಅಲ್ಲೂ 1.4ಕ್ಕೇ ಅಂಟಿಸಿದರೆ ತೋಳು ತಗ್ಗುವುದೇ ರೂಢಿಯಾಗಿಬಿಡುತ್ತದೆ.

ವಾರಕ್ಕೆ ನಾಲ್ಕು ಸಂಜೆ, ಅರ್ಧ ಗಂಟೆ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಲಿ. ನಳಿಗೆ ಖಾಲಿಯೇ ಎಂದು ಪ್ರತಿ ಸಲ ನೋಡಿ. ಇಡೀ ದಿನ ಕಂಪ್ಯೂಟರ್ ನೋಡಿದ ಕಣ್ಣಿಗೆ ಮೊದಲು ಹತ್ತು ನಿಮಿಷ ಜಗಲಿಯಲ್ಲಿ ಕೂತು ದೂರ ನೋಡುವ ಬಿಡುವು ಕೊಡಿ. ಚಹಾ, ಕಾಫಿ ಆಮೇಲೆ, ಕೈ ನಡುಗಿಸುತ್ತವೆ.

ಮೊದಲ ಹತ್ತು ಟ್ರಿಗರ್ ಬರೀ ಬಿಳಿ ಗೋಡೆಗೆ. ಗುರಿಯಿಲ್ಲದಾಗ ಕಣ್ಣು ಫ್ರಂಟ್ ಸೈಟಿನ (ನಳಿಗೆಯ ತುದಿಯ ಗುರಿಕಡ್ಡಿಯ) ಮೇಲೆ ನಿಲ್ಲಲೇಬೇಕು. ಟ್ರಿಗರ್ ಎಳೆದಾಗ ಬಲಗೈಯವರ ಫ್ರಂಟ್ ಸೈಟ್ ಎಡಕ್ಕೆ ಕೆಳಗೆ ಜಾರಿದರೆ, ತೋರುಬೆರಳಿನ ಜೊತೆಗೆ ಉಳಿದ ಬೆರಳುಗಳೂ ಹಿಡಿ ಬಿಗಿಯುತ್ತಿವೆ ಎಂದರ್ಥ. ಟ್ರಿಗರ್ ಹಗುರ ಮಾಡಿಸಿದರೆ ಈ ಖಾಯಿಲೆ ಹೋಗದು. ನಿಯಮದಂತೆ ಟ್ರಿಗರ್ ಎಳೆಯುವ ಭಾರವನ್ನು 500 ಗ್ರಾಂಗಿಂತ ಇಳಿಸುವಂತೆಯೂ ಇಲ್ಲ. ಬಳಿಕ ಕಪ್ಪು ವೃತ್ತಕ್ಕೆ ಮೂವತ್ತು. ಸೈಟ್ ಸ್ಪಷ್ಟ, ಕಪ್ಪು ಮಸುಕು. ಎಂಟು ಹತ್ತು ಸೆಕೆಂಡಿನಲ್ಲಿ ಟ್ರಿಗರ್ ಎಳೆದು ಮುಗಿಯದಿದ್ದರೆ ಕೈ ಇಳಿಸಿ. ಎಳೆದಾಡಿ ಮುಗಿಸುವವರೇ ಸ್ಪರ್ಧೆಯಲ್ಲಿ ಹತ್ತರ ಬದಲು ಏಳು, ಎಂಟು ಅಂಕ ಹೊಡೆಯುವುದು.

ಆಟಿಯ ಮಳೆಯಲ್ಲಿ ಪಿಸ್ತೂಲಿನ ಪೆಟ್ಟಿಗೆಯ ಸ್ಪಂಜೇ ತೇವ ಹೀರಿ ತುಕ್ಕು ಹಿಡಿಸುತ್ತದೆ. ಸಿಲಿಕಾ ಜೆಲ್ ಇಡಿ, ಲೋಹದ ಭಾಗಗಳನ್ನು ತೆಳು ಎಣ್ಣೆಬಟ್ಟೆಯಲ್ಲಿ ಒರೆಸಿ. ಪಿಸ್ತೂಲಿನ ಸಿಲಿಂಡರಿಗೆ ಹ್ಯಾಂಡ್ ಪಂಪಿನಲ್ಲಿ 200 ಬಾರ್ ಒತ್ತಡಕ್ಕೆ ಗಾಳಿ ತುಂಬುವವರು ನಡುನಡುವೆ ನಿಲ್ಲಿಸಿ ಪಂಪನ್ನು ತಣಿಸಿ, ನೀರಿನಂಶ ಹೊರಬಿಡಬೇಕು. ಇಲ್ಲವಾದರೆ ತೇವ ಸಿಲಿಂಡರಿನೊಳಗೆ ಸೇರಿ ವಾಲ್ವ್ ಕೆಡುತ್ತದೆ.

ಎರಡು ವಾರಕ್ಕೊಮ್ಮೆ ಭಾನುವಾರ ಪೂರ್ತಿ ಪಂದ್ಯ: 15 ನಿಮಿಷ ತಯಾರಿ ಮತ್ತು ಸೈಟಿಂಗ್ (ಲೆಕ್ಕಕ್ಕಿಲ್ಲದ ಪರೀಕ್ಷಾ ಗುಂಡು), 75 ನಿಮಿಷದಲ್ಲಿ 60 ಗುಂಡು. ಸೀಸ ಮುಟ್ಟಿದ ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಬ್ಯಾಂಕಿನವರು ಮಾರ್ಚಿನಲ್ಲಿ ರೇಂಜಿನ ಆಸೆ ಬಿಟ್ಟು ಬಿಳಿ ಗೋಡೆಗಷ್ಟೇ ಸಮಯವಿಡಿ. ಉಳಿದ ರಜೆ ರಾಜ್ಯಮಟ್ಟದ ಸ್ಪರ್ಧೆಗೆ ಬೇಕಾಗುತ್ತದೆ.